ಕೊನೇ ಪಂಕ್ತಿಯ ಊರು

ಭಾನುವಾರ ಕಾಫಿಯ ಹೊತ್ತಾಯಿತೆಂದರೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಯುದ್ಧ ಶುರುವಾಗುತ್ತಿತ್ತು. ಈ ಕಡೆ ನನ್ನ ಗಂಡ, ಆ ಕಡೆ ಮೇಲಿನ ಮನೆಯ ಕರ್ನಲ್, ನಡುವೆ ಟ್ಯಾಬಿನಲ್ಲಿ ಒಂದು ದೇಶದ ಭೂಪಟ. ಆ ದೇಶ ಕರ್ನಲ್ ಅವರದು. ಅದರ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿ ಅಂತರ್ಯುದ್ಧ ಇನ್ನೂ ನಿಂತಿಲ್ಲ, ಅವರ ಕಡೆಯ ಜನ ಇನ್ನೂ ಅಲ್ಲಿದ್ದಾರೆ, ನನ್ನ ಬರವಣಿಗೆಯಿಂದ ಯಾರ ಮನೆಗೂ ಕಷ್ಟ ಬರುವುದು ಬೇಡ. ನೈರೋಬಿಯ ಸುತ್ತಮುತ್ತ ಅಂಥ ದೇಶಗಳಿಗೆ ಬರವೇನೂ ಇಲ್ಲ. ಓದುವವರು ತಮಗೆ ತೋಚಿದ್ದನ್ನು ಇಟ್ಟುಕೊಳ್ಳಬಹುದು.

ನನ್ನ ಗಂಡ ಇಲ್ಲಿಯ ಒಂದು ಔಷಧ ಕಂಪನಿಯಲ್ಲಿ ಮಾಲು ಹಂಚುವ ವಿಭಾಗ ನೋಡಿಕೊಳ್ಳುತ್ತಾರೆ. ಕಿಸುಮು ಡಿಪೋಗೆ ಎಷ್ಟು ಪೆಟ್ಟಿಗೆ, ಮೊಂಬಾಸಾಗೆ ಎಷ್ಟು ಎಂದು ವಾರವೆಲ್ಲ ತಲೆ ಕೆಡಿಸಿಕೊಳ್ಳುವ ಮನುಷ್ಯ ರಜೆಯ ದಿನವೂ ಕೂತು ಪರದೇಶದ ಸೈನ್ಯ ಹಂಚುವುದನ್ನು ನೋಡಿದರೆ ನನಗೆ ರೇಗುತ್ತಿತ್ತು. "ಏನ್ರೀ, ಇದಕ್ಕೂ ಓವರ್‌ಟೈಮ್ ಕೊಡ್ತಾರಾ?" ಎಂದು ಕೇಳುತ್ತಿದ್ದೆ. "ಸುಮ್ನಿರೇ" ಎನ್ನುತ್ತಿದ್ದರು. ಕರ್ನಲ್‌ಗೆ ಕನ್ನಡ ಬಾರದು. ಆದರೆ ಗಂಡ ಹೆಂಡಿರ ಇಂಥ ಮಾತು ಅರ್ಥವಾಗಲು ಭಾಷೆ ಬೇಕಿಲ್ಲವಲ್ಲ, ಅವರೂ ನಗುತ್ತಿದ್ದರು. ನಮ್ಮ ಮಗಳು ಮಾತ್ರ ರೂಮಿನಿಂದಲೇ "ಅಮ್ಮಾ, ಲೀವ್ ದೆಮ್ ಅಲೋನ್" ಎಂದು ಕೂಗುತ್ತಿದ್ದಳು.

ನೈರೋಬಿಯ ಕಿಲಿಮಾನಿ ಬಡಾವಣೆಯ ಈ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿ ನಮ್ಮದು, ನಾಲ್ಕನೆಯದು ಅವರದು. ಪರಿಚಯವಾದದ್ದು ಒಗ್ಗರಣೆಯಿಂದ. ಅವರು ಬಂದ ಹೊಸತರಲ್ಲಿ ಒಂದು ದಿನ ಸಾರಿಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದೆ. ಸ್ವಲ್ಪ ಹೊತ್ತಿಗೆಲ್ಲ ಬಾಗಿಲು ದಬದಬ ಬಡಿದ ಸದ್ದು. ತೆರೆದರೆ ಎತ್ತರದ ಹೆಂಗಸೊಬ್ಬಳು ಬರಿಗಾಲಲ್ಲಿ ನಿಂತಿದ್ದಾಳೆ, ಹೆಗಲಿಗೆ ಬ್ಯಾಗು, ಕಣ್ಣಲ್ಲಿ ನೀರು. "ಬೆಂಕಿ ಎಲ್ಲಿ?" ಎಂದಳು. ಬಾಣಲೆ ತೋರಿಸಿದೆ. ಕೆಮ್ಮುತ್ತಲೇ ನಕ್ಕಳು, ನಾನೂ ನಕ್ಕೆ. ಆ ಬ್ಯಾಗಿನಲ್ಲಿ ಇಬ್ಬರ ಪಾಸ್‌ಪೋರ್ಟುಗಳು ಸದಾ ಇರುತ್ತಿದ್ದವು ಎಂಬುದು ಆಮೇಲೆ ತಿಳಿಯಿತು.

ಅವಳು ಕರ್ನಲ್ ಅವರ ಹೆಂಡತಿ. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೇ, ನನ್ನದೂ ಕಾಲೇಜಿನಲ್ಲಿ ಕಲಿತು ಮೈಸೂರಿನಲ್ಲೇ ಬಿಟ್ಟುಬಂದ ಇಂಗ್ಲಿಷ್. ಇಬ್ಬರಿಗೂ ತರಕಾರಿ ಕೊಳ್ಳುವಷ್ಟು ಸ್ವಾಹಿಲಿ ಬರುತ್ತಿತ್ತು. ಇಷ್ಟರಲ್ಲಿ ನಾವು ಆಡದ ಮಾತಿಲ್ಲ. ಇಲ್ಲಿ ಅವಳ ಮಾತನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ, ನನ್ನ ನೆನಪಿನಲ್ಲಿ ಅದು ಹಾಗೇ ಉಳಿದಿದೆ. ನನ್ನನ್ನು ಅವಳು ಸಿಸ್ಟರ್ ಎನ್ನುತ್ತಿದ್ದಳು. ಗಂಡಸರು ಮೇಜಿನ ಹತ್ತಿರ ಕೂತರೆ ನಾವಿಬ್ಬರು ಅಡುಗೆಮನೆಯಲ್ಲಿ. ಅವಳು ಈರುಳ್ಳಿ ಹೆಚ್ಚುವುದನ್ನು ನೋಡಬೇಕು, ಎಳೆಎಳೆಯಾಗಿ, ಒಂದಕ್ಕೊಂದು ತೂಕ ಹಾಕಿದ ಹಾಗೆ. ಅವಳ ಅಮ್ಮ ಕಲಿಸಿದ್ದಂತೆ.

ಆ ಅಮ್ಮ ಮತ್ತು ಮದುವೆಯಾಗದ ಒಬ್ಬ ತಂಗಿ ಅವಳ ತವರೂರಿನಲ್ಲಿದ್ದರು. ಅದು ಆ ದೇಶದ ಪಶ್ಚಿಮದಲ್ಲಿ ನಾಲ್ಕು ದೊಡ್ಡ ರಸ್ತೆಗಳು ಕೂಡುವ ಊರು. ಯುದ್ಧ ಶುರುವಾದ ಮೊದಲ ಮಳೆಗಾಲದಲ್ಲೇ ಬಂಡಾಯದವರು ಆ ಊರಿಗೆ ನುಗ್ಗಿದರು. ಆಮೇಲೆ ಇಬ್ಬರ ಫೋನೂ ಸೇರಲಿಲ್ಲ. ತಪ್ಪಿಸಿಕೊಂಡು ಬಂದವರು ಯಾರೋ, ಆ ಬೀದಿಯೇ ಉಳಿದಿಲ್ಲ ಎಂದು ಹೇಳಿದ್ದರು. ಅವಳು ಮಾತ್ರ ದಿನಕ್ಕೊಮ್ಮೆ ಅಮ್ಮನ ನಂಬರು ಒತ್ತಿ, ಒಂದು ಗಳಿಗೆ ಕಿವಿಗಿಟ್ಟುಕೊಂಡು, ಫೋನು ಕೆಳಗಿಡುತ್ತಿದ್ದಳು. ನಮ್ಮಲ್ಲಿ ಕೆಲವರು ದೇವರ ಮುಂದೆ ದೀಪ ಹಚ್ಚುವಷ್ಟೇ ಸಹಜವಾಗಿ ಅದನ್ನು ಮಾಡುತ್ತಿದ್ದಳು.

ಕರ್ನಲ್ ಸೈನ್ಯದಲ್ಲಿ ಬಂದೂಕು ಹಿಡಿದು ಓಡಾಡಿದವರಲ್ಲ. ಕಡೆಯ ವರ್ಷಗಳಲ್ಲಿ ಅವರ ಕೆಲಸ ರಾಜಧಾನಿಯಲ್ಲಿ, ಯಾವ ಪ್ರಾಂತ್ಯಕ್ಕೆ ಎಷ್ಟು ಸೈನಿಕರು ಎಂದು ಹಂಚುವ ಕಚೇರಿಯಲ್ಲಿ. ಅದಕ್ಕೇ ನನ್ನ ಗಂಡನಿಗೂ ಅವರಿಗೂ ಅಷ್ಟು ಕೂಡಿಬಂದದ್ದು. ಅಲ್ಲಿ ಪ್ರಾಂತ್ಯಕ್ಕೆ ಇಷ್ಟಿಷ್ಟು ಎಂದು ಸಮನಾಗಿ ಹಂಚುವ ಪದ್ಧತಿಯಿತ್ತಂತೆ, ಯಾವ ಪ್ರಾಂತ್ಯದ ನಾಯಕರೂ ಗೊಣಗಬಾರದೆಂದು. ಹಂಚಿ ಉಳಿದದ್ದೆಲ್ಲ ರಾಜಧಾನಿಗೆ.

"ಸಮ ಬೇರೆ, ಸರಿ ಬೇರೆ" ಎಂದು ನನ್ನ ಗಂಡ ಮೇಜು ಕುಟ್ಟುತ್ತಿದ್ದರು. "ಮಲೇರಿಯಾ ಮಾತ್ರೆ ಚಳಿಯ ನೈರೋಬಿಗೂ ಸೊಳ್ಳೆಯ ಕಿಸುಮುಗೂ ಒಂದೇ ಲೆಕ್ಕದಲ್ಲಿ ಕಳಿಸಿದ್ರೆ ಇಲ್ಲಿ ಮಾತ್ರೆ ಹಾಳಾಗುತ್ತೆ, ಅಲ್ಲಿ ಜನ ಹೋಗ್ತಾರೆ."

ಕರ್ನಲ್‌ಗೆ ಈ ಮಾತು ಬಹಳ ಹಿಡಿಸಿತ್ತು. ತಮ್ಮ ದೇಶವನ್ನು ಪ್ರಾಂತ್ಯ ಪ್ರಾಂತ್ಯವಾಗಿ ಎತ್ತಿಕೊಂಡು, ಇಲ್ಲಿ ಇಷ್ಟು ಇದ್ದಿದ್ದರೆ, ಅಲ್ಲಿಂದ ಅಷ್ಟು ತೆಗೆದಿದ್ದರೆ ಎಂದು ಲೆಕ್ಕ ಹಾಕುತ್ತಿದ್ದರು. ಆಯಾ ಊರಿನ ಹುಡುಗರನ್ನೇ ಆಯಾ ಊರಿನ ಕಾವಲಿಗೆ ಇಟ್ಟದ್ದು ತಪ್ಪು, ಯುದ್ಧ ಬಂದಾಗ ಒಂದೊಂದು ಪ್ರಾಂತ್ಯದ ಪಡೆ ಒಂದೊಂದು ಕಡೆ ಸೇರಿಕೊಂಡಿತು ಎನ್ನುತ್ತಿದ್ದರು. ರಾಜಧಾನಿಯಲ್ಲಿ ಮೆರವಣಿಗೆಗೆಂದು ಇಟ್ಟುಕೊಂಡ ಪಡೆಯಲ್ಲಿ ಅರ್ಧ ಉತ್ತರಕ್ಕೆ ಹೋಗಿದ್ದರೆ ಅಲ್ಲಿ ಬಂಡಾಯ ಮೊಳಕೆಯಲ್ಲೇ ನಿಲ್ಲುತ್ತಿತ್ತು ಎನ್ನುತ್ತಿದ್ದರು. ಹೋದ ಯುದ್ಧವನ್ನು ಕಾಫಿ ಕುಡಿಯುತ್ತಾ ಗೆಲ್ಲುವುದು ಎಷ್ಟು ಸುಲಭ ಎಂದು ನಾನು ಅಡುಗೆಮನೆಯಿಂದ ಅಂದುಕೊಳ್ಳುತ್ತಿದ್ದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ, ಇವರಿಗೆ ಮನೆಯಲ್ಲೂ ಇಲ್ಲ, ಪಾಪ, ಹೇಳಿಕೊಳ್ಳಲಿ ಎಂದೂ ಅನ್ನಿಸುತ್ತಿತ್ತು.

ಒಂದು ಭಾನುವಾರ ನನ್ನ ಗಂಡ ಪಟದಲ್ಲಿ ಆ ನಾಲ್ಕು ರಸ್ತೆಯ ಊರಿನ ಮೇಲೆ ಬೆರಳಿಟ್ಟರು. ಅದು ಕರ್ನಲ್ ಹೆಂಡತಿಯ ತವರು ಎಂದು ಅವರಿಗೆ ನೆನಪಿರಲಿಲ್ಲ. "ಎಲ್ಲ ಬಿಡಿ ಕರ್ನಲ್. ಈ ಒಂದು ಊರಲ್ಲಿ ಒಂದು ಬೆಟಾಲಿಯನ್ ಇದ್ದಿದ್ರೆ? ಪಶ್ಚಿಮಕ್ಕೆ ಹೋಗೋ ಲಾರಿ ಎಲ್ಲ ಇಲ್ಲೇ ನಿಲ್ತಿತ್ತು. ಬಂಡಾಯದವರಿಗೆ ಪೆಟ್ರೋಲು ಇಲ್ಲ, ಗುಂಡು ಇಲ್ಲ. ಯುದ್ಧ ಅರ್ಧ ದೇಶಕ್ಕೆ ಹಬ್ಬುತ್ತಲೇ ಇರಲಿಲ್ಲ."

ಕರ್ನಲ್ ಟ್ಯಾಬನ್ನು ಪಕ್ಕಕ್ಕೆ ಸರಿಸಿ, "ಕಳಿಸೋಕೆ ಯಾರೂ ಇರಲಿಲ್ಲ" ಎಂದರು.

ಅಡುಗೆಮನೆಯಲ್ಲಿ ಅವಳ ಚಾಕು ನಿಂತಿತ್ತು. "ಹೌದು ಸಿಸ್ಟರ್, ಯಾರೂ ಇರಲಿಲ್ಲ" ಎಂದಳು. "ಇರೋರನ್ನೆಲ್ಲ ಮೊದಲೇ ಬೇರೆ ಕಡೆ ಕಳಿಸಿ ಆಗಿತ್ತು. ಸುದ್ದಿ ಬಂದ ದಿನ ಅವರು ನನ್ನ ಕಾಲ ಹತ್ತಿರ ಕೂತು ಅತ್ತರು." ಮತ್ತೆ ಹೆಚ್ಚತೊಡಗಿದಳು. ಅವಳು ಆ ಒಂದು ಮಾತಿನ ಮೇಲೆ ಬದುಕಿದ್ದಳು. ಇಲ್ಲದ್ದನ್ನು ಯಾರು ತಾನೇ ಕಳಿಸಲು ಆಗುತ್ತದೆ? ಗಂಡನ ಮೇಲೆ ಸಿಟ್ಟಿಗೆ ಜಾಗವೇ ಇರಲಿಲ್ಲ.

ಇನ್ನೊಬ್ಬ ಹೆಂಗಸಿನ ವಿಷಯ ಹೇಳಬೇಕು. ನೈರೋಬಿಯ ಇನ್ನೊಂದು ತುದಿಯ ಕಸರಾನಿಯಲ್ಲಿ ಮಕ್ಕಳೊಂದಿಗೆ ಒಂದು ಕೋಣೆಯ ಮನೆಯಲ್ಲಿರುವ ಅವಳೂ ಅದೇ ದೇಶದವಳು, ನದಿ ದಂಡೆಯ ಊರಿನವಳು. ಅವಳ ಊರಿಗೂ ಬಂಡಾಯದವರು ಬಂದಿದ್ದರು. ಆದರೆ ಅಲ್ಲಿ ಸರ್ಕಾರಿ ಸೈನಿಕರು ಸೇತುವೆಯ ಮೇಲೆ ನಿಂತು ತಡೆದರು, ಜನ ಹಿಂದಿನಿಂದ ದೋಣಿ ಹತ್ತಿ ಪಾರಾದರು. ಆ ಸೈನಿಕರನ್ನು ಕಳಿಸಿದವರು ಕರ್ನಲ್ ಎಂದು ಯಾರಿಂದಲೋ ತಿಳಿದ ದಿನದಿಂದ ಅವಳು ಪ್ರತಿ ಶುಕ್ರವಾರ ಎರಡು ಮಟಾಟು ವ್ಯಾನು ಬದಲಾಯಿಸಿಕೊಂಡು ಕಿಲಿಮಾನಿಗೆ ಬರುತ್ತಿದ್ದಳು, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಜೋಳದ ಹಿಟ್ಟು ಹುಳಿ ಬರಿಸಿ ಕಾವಲಿಯ ಮೇಲೆ ತೆಳ್ಳಗೆ ಹರಡಿ ಮಾಡಿದ್ದು, ನಮ್ಮ ನೀರುದೋಸೆಗೆ ದೊಡ್ಡಪ್ಪನ ಮಗಳು. ಕರ್ನಲ್ ಮುಂದೆ ನಿಂತು ಏನೋ ಹರಸಿ, ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದಳು. ನಮ್ಮ ಮನೆಗೂ ನಾಲ್ಕು ರೊಟ್ಟಿ ಇಳಿಯುತ್ತಿತ್ತು.

"ಏನು ಹರಸ್ತಾಳೆ?" ಎಂದು ಕೇಳಿದ್ದೆ.

"ಹಂಚಿದ ಕೈ ಬತ್ತದಿರಲಿ ಅಂತ." ಇದನ್ನು ಹೇಳುವಾಗ ಕರ್ನಲ್ ಹೆಂಡತಿಯ ಮುಖದಲ್ಲಿ ಹೆಮ್ಮೆಯಿತ್ತು. ತನ್ನ ಊರು ಹೋಯಿತು, ಇನ್ನೊಬ್ಬಳ ಊರು ಉಳಿಯಿತು, ಉಳಿಸಿದವನು ನನ್ನ ಗಂಡ ಎಂಬ ಹೆಮ್ಮೆ.

ಆ ವರ್ಷದ ಯುಗಾದಿಗೆ ನಾನು ಅವರಿಬ್ಬರನ್ನೂ ಕರೆದೆ. ನಮ್ಮ ಕನ್ನಡದ ಮನೆಗಳೆಲ್ಲ ಸೇರಿ ಪಂಗಾನಿ ಬಡಾವಣೆಯಲ್ಲಿ ಒಂದು ಹಳೆಯ ಹಾಲ್ ಬಾಡಿಗೆಗೆ ಹಿಡಿದು ಹಬ್ಬ ಮಾಡುತ್ತೇವೆ. ಹಿಂದಿನ ಎರಡು ದಿನ ಹೆಂಗಸರೆಲ್ಲ ಕೂತು ಒಬ್ಬಟ್ಟು ತಟ್ಟಿದ್ದೆವು. ಬೇವಿನ ಎಲೆ ಇಲ್ಲಿ ಯಥೇಚ್ಛ, ಸ್ವಾಹಿಲಿಯಲ್ಲಿ ಅದಕ್ಕೆ ನಲವತ್ತು ರೋಗದ ಮದ್ದು ಎಂಬ ಅರ್ಥದ ಹೆಸರಿದೆ. ಕರ್ನಲ್ ಬೇವು ಬೆಲ್ಲವನ್ನು ಮುಖ ಕಿವುಚದೆ ತಿಂದರು. ಹುಟ್ಟಿದಾಗಿನಿಂದ ತಿಂದುಕೊಂಡು ಬಂದ ನನ್ನ ಗಂಡನೇ ನೀರು ಕುಡಿಯಲು ಓಡಿದ್ದರು.

ಬಡಿಸುವ ಉಸ್ತುವಾರಿ ಪ್ರತಿ ಸಲ ನನ್ನದು. ನನ್ನ ಗಂಟಲು ಹಾಲ್‌ನ ಆ ತುದಿಗೆ ಮುಟ್ಟುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಸಿಕ್ಕ ಪದವಿ. ಎಲೆ ಹಾಕಿ ಮೊದಲ ಪಂಕ್ತಿ ಕೂರುವಾಗ ಬಡಿಸಲು ಕೈ ಸಾಲದೆ ಕೂಗಾಡುತ್ತಿದ್ದೆ. ಕರ್ನಲ್ ತಾವೇ ಎದ್ದು ಬಂದರು. ತೋಳು ಮಡಿಸಿ, "ನನಗೂ ಒಂದು ಕೆಲಸ ಕೊಡಿ" ಎಂದರು. ಅತಿಥಿಗಳಿಗೆ ಯಾರಾದರೂ ಕೆಲಸ ಹೇಳುತ್ತಾರೆಯೇ ಎಂದು ಯಾರೋ ಹಿರಿಯರು ಗೊಣಗಿದರು. ಅವರು ಕೇಳಲಿಲ್ಲ. ಒಬ್ಬಟ್ಟಿನ ದೊಡ್ಡ ತಟ್ಟೆ ಅವರ ಕೈಗೆ ಕೊಟ್ಟೆ. ನಮ್ಮಲ್ಲಿ ಒಂದು ನಿಯಮವಿದೆ: ಬಡಿಸುವವರ ಮನೆಯವರು ಕೊನೇ ಪಂಕ್ತಿಗೆ. ಹಾಗಾಗಿ ಅವರ ಹೆಂಡತಿ ನನ್ನ ಮಗಳ ಪಕ್ಕ ಗೋಡೆಗೊರಗಿ ನಗುತ್ತಾ ಕಾದಳು.

ಆ ಮನುಷ್ಯ ಬಡಿಸಿದ್ದನ್ನು ನಾನು ಮರೆಯಲಾರೆ. ಬೆನ್ನು ನೆಟ್ಟಗೆ, ಎಲೆಯಿಂದ ಎಲೆಗೆ ಒಂದೇ ನಡಿಗೆ, ಮೊದಲ ಎಲೆಗೆ ಹಾಕಿದಷ್ಟೇ ಕೊನೆಯ ಎಲೆಗೂ. ಆದರೆ ನಮ್ಮ ಜನ ಗೊತ್ತಲ್ಲ. ಎರಡು ಎಂದರೆ ಮೂರು ಕೇಳುತ್ತಾರೆ, ಮೂರು ಹಾಕಿದರೆ ಎಲೆಗೆ ಅಡ್ಡ ಕೈ ಹಿಡಿದು ನಾಲ್ಕನೆಯದಕ್ಕೆ ಕಣ್ಣು ಹೊಡೆಯುತ್ತಾರೆ. ಕೇಳಿದವರಿಗೆ ಕರ್ನಲ್ ಇಲ್ಲ ಎನ್ನಲಿಲ್ಲ. ಕೊನೇ ಪಂಕ್ತಿಗೆ ಬರುವಷ್ಟರಲ್ಲಿ ತಟ್ಟೆ ತೆಳ್ಳಗಾಗಿತ್ತು. ಅಲ್ಲೂ ಅವರು ತಮ್ಮ ಹೆಂಡತಿಯ ತುದಿ ಬಿಟ್ಟು ಆಚೆ ತುದಿಯಿಂದ ಶುರು ಮಾಡಿದರು. ಅವಳ ಎಲೆಯ ಮುಂದೆ ಬಂದು ನಿಂತಾಗ ತಟ್ಟೆಯಲ್ಲಿ ತುಪ್ಪದ ಜಿಡ್ಡು ಬಿಟ್ಟು ಏನೂ ಇರಲಿಲ್ಲ.

ನನ್ನ ಬಾಯಿ ಸುಮ್ಮನಿದ್ದರೆ ತಾನೆ! "ಅಯ್ಯೋ ಕರ್ನಲ್ ಸಾಹೇಬರೇ, ಎಂಥ ಗಂಡ ನೀವು! ನಮ್ಮ ಕಡೆ ಒಂದು ಗಾದೆ ಇದೆ. ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಅಂತ. ನಿಮ್ಮವಳನ್ನೇ ಉಪವಾಸ ಕೆಡವಿದಿರಲ್ಲ!" ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಇಡೀ ಪಂಕ್ತಿ ನಕ್ಕಿತು. ಅವಳೂ ನಕ್ಕಳು. ನಾನು ಅಷ್ಟಕ್ಕೆ ಬಿಡದೆ ಮೇಜಿನ ಕೆಳಗಿನಿಂದ ನನ್ನ ಸ್ಟೀಲ್ ಡಬ್ಬಿ ತೆಗೆದೆ. ಪ್ರತಿ ಹಬ್ಬಕ್ಕೂ ನಮ್ಮವರಿಗೆಂದು ನಾನು ಮೊದಲೇ ಒಂದಷ್ಟು ಎತ್ತಿಡುತ್ತೇನೆ, ಎಲ್ಲರಿಗೂ ಗೊತ್ತು, ಎಲ್ಲರೂ ಅದನ್ನೇ ಮಾಡುತ್ತಾರೆ. "ನೋಡಿ, ಹೀಗೆ. ನಮ್ಮವರಿಗೆ ಅಂತ ಮೊದಲೇ ಎತ್ತಿಟ್ಟುಕೊಳ್ಳದವನು ಎಂಥ ಬಡಿಸುವವನು? ನೀವು ಆ ಕಚೇರಿಯಲ್ಲೂ ಹೀಗೇ ಹಂಚ್ತಿದ್ರಾ?"

ಡಬ್ಬಿಯಿಂದ ಎರಡು ಒಬ್ಬಟ್ಟು ಅವಳ ಎಲೆಗೆ ಹಾಕಿ ತಲೆಯೆತ್ತಿದೆ. ಕರ್ನಲ್ ಇನ್ನೂ ಅಲ್ಲೇ ನಿಂತಿದ್ದರು. ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. ತಮಾಷೆ ಅರ್ಥವಾಗದವರ ಮುಖವಲ್ಲ ಅದು. ಅವರ ಹೆಂಡತಿ ಅದನ್ನು ನೋಡಿದಳು. ನಗು ಹಾಗೇ ಅವಳ ತುಟಿಯ ಮೇಲೆ ಸ್ವಲ್ಪ ಹೊತ್ತು ಇತ್ತು, ಆಮೇಲೆ ಇರಲಿಲ್ಲ. ತಮ್ಮ ಭಾಷೆಯಲ್ಲಿ ಏನೋ ಒಂದು ಕೇಳಿದಳು, ಸಣ್ಣ ಪ್ರಶ್ನೆ. ಅವರು ಅದಕ್ಕಿಂತ ಸಣ್ಣ ಉತ್ತರ ಕೊಟ್ಟರು.

ಅವಳು ಎದ್ದುಬಿಟ್ಟಳು. ಪಂಕ್ತಿಯಲ್ಲಿ ಎಲ್ಲರೂ ಉಣ್ಣುತ್ತಿರುವಾಗ ಒಬ್ಬರು ನಡುವೆ ಏಳಬಾರದು. ಅದು ಅವಳಿಗೆ ಗೊತ್ತಿರಲು ಸಾಧ್ಯವಿಲ್ಲ, ಗೊತ್ತಿದ್ದರೂ ಕೂರುತ್ತಿರಲಿಲ್ಲ. ಕೈ ತೊಳೆದು ಹೊರಗೆ ಹೋಗಿ ನಮ್ಮ ಕಾರಿನ ಪಕ್ಕ ನಿಂತಳು. ಎಲೆಯ ಮೇಲೆ ನಾನು ಹಾಕಿದ ಎರಡು ಒಬ್ಬಟ್ಟು ಹಾಗೇ ಇದ್ದವು.

ಮನೆಗೆ ಹೊರಟಾಗ ಗಂಡಸರಿಬ್ಬರು ಮುಂದೆ, ನಾವಿಬ್ಬರು ಹಿಂದೆ. ಮಗಳು ಗೆಳತಿಯ ಮನೆಗೆ ಹೋಗಿದ್ದಳು, ಅದೇ ಒಳ್ಳೆಯದಾಯಿತು. ಮ್ಯೂಸಿಯಂ ಹಿಲ್ ಹತ್ತಿರ ಟ್ರಾಫಿಕ್ ಕಟ್ಟಿಕೊಂಡು ನಿಂತಿತು. ಪಕ್ಕದ ಮಟಾಟುವಿನ ಹಾಡು ನಮ್ಮ ಕಾರಿನ ಗಾಜು ಅದುರಿಸುತ್ತಿತ್ತು. ನಾನು ಏನು ಹೇಳಿ ಕೆಡಿಸಿದೆ ಎಂದು ತಿಳಿಯದೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವಳು ನಮಗೆ ಅರ್ಥವಾಗಲೆಂದೇ ಇಂಗ್ಲಿಷಿನಲ್ಲಿ ಮಾತಾಡಿದಳು.

"ಇವರ ಮುಂದೆ ಪ್ರತಿ ವಾರ ಹೇಳ್ತೀರಲ್ಲ, ಹಾಗಿದ್ದಿದ್ರೆ ಹೀಗಿದ್ದಿದ್ರೆ ಅಂತ. ಇದನ್ನೂ ಹೇಳಿ."

ಕರ್ನಲ್ ಮುಂದಿನ ಗಾಜನ್ನೇ ನೋಡುತ್ತಾ ಹೇಳಿದರು. "ಒಂದು ಬೆಟಾಲಿಯನ್ ಇತ್ತು. ಎರಡು ಊರು ಕೇಳಿದ್ದವು. ನದಿಯ ಊರು, ಇವಳ ಊರು. ಯಾವುದಕ್ಕೆ ಅಂತ ಮೇಲಿನವರು ನನ್ನನ್ನ ಕೇಳಿದರು. ನೀವು ಅವತ್ತು ಬೆರಳಿಟ್ಟು ತೋರಿಸಿದಿರಲ್ಲ, ಅದು ನನಗೆ ಆಗಲೇ ಗೊತ್ತಿತ್ತು. ಆ ನಾಲ್ಕು ರಸ್ತೆ ಹಿಡಿದರೆ ಪಶ್ಚಿಮ ಉಳಿಯುತ್ತೆ. ಆದರೆ ಆ ಕೋಣೆಯಲ್ಲಿದ್ದ ಎಲ್ಲರಿಗೂ ಅದು ನನ್ನ ಮಾವನ ಮನೆ ಇರುವ ಊರು ಅಂತಲೂ ಗೊತ್ತಿತ್ತು. ಎಲ್ಲರೂ ನನ್ನ ಬಾಯಿ ನೋಡ್ತಿದ್ದರು. ಇದು ಸೈನಿಕನ ಲೆಕ್ಕವೋ ಅಳಿಯನ ಲೆಕ್ಕವೋ ಅಂತ ನನಗೇ ಅನುಮಾನ ಬಂತು. ನದಿಯ ಊರಿಗೆ ಅಂದೆ. ಒಬ್ಬರು ಎದ್ದು ಬಂದು ನನ್ನ ಬೆನ್ನು ತಟ್ಟಿದರು."

ನನ್ನ ಗಂಡ ಸ್ಟೀರಿಂಗ್ ಹಿಡಿದುಕೊಂಡು, ಎಷ್ಟೆಂದರೂ ಕಸುಬಿನ ಬುದ್ಧಿ, "ನದಿಯ ಊರಿಗೆ ಬೇಕಿರಲಿಲ್ವಾ?" ಎಂದು ಕೇಳಿದರು. ನನಗೆ ಅವರ ತಲೆಗೆ ಆ ಡಬ್ಬಿಯಿಂದಲೇ ಹೊಡೆಯುವಷ್ಟು ಸಿಟ್ಟು ಬಂತು.

"ಬೇಕಿತ್ತು" ಎಂದರು ಕರ್ನಲ್. "ಅಲ್ಲೂ ಜನ ಇದ್ದರು."

ಮುಂದಿನ ಗಾಡಿ ಸರಿಯಿತು, ನಮ್ಮದೂ ಸರಿಯಿತು.

ಆಮೇಲೆ ಭಾನುವಾರದ ಯುದ್ಧ ನಿಂತಿತು. ಕರ್ನಲ್ ಕೆಳಗೆ ಬರಲಿಲ್ಲ, ಅವಳೂ ಬರಲಿಲ್ಲ. ಮೇಲಿನಿಂದ ಜೋರು ಮಾತು ಕೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಜಗಳವಾಡುವ ಮನೆ ಉಳಿಯುತ್ತದೆ ಎಂದು ನಂಬಿಕೊಂಡು ಬಂದವಳು ನಾನು. ಆದರೆ ಕುರ್ಚಿ ಎಳೆದ ಸದ್ದು, ನಲ್ಲಿಯ ಸದ್ದು ಬಿಟ್ಟರೆ ಏನೂ ಇಲ್ಲ. ಲಿಫ್ಟಿನಲ್ಲಿ ಒಮ್ಮೆ ಸಿಕ್ಕಳು. ಕೈ ಹಿಡಿದೆ, ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಮನೆಗೆ ಬಂದು ಗಂಡನ ಮುಂದೆ ಅತ್ತೆ. ಹಬ್ಬದ ದಿನ ನಾಲಿಗೆ ಕಚ್ಚಿಕೊಂಡಿದ್ದರೆ ಅವಳು ಇನ್ನೂ ನನ್ನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಇರುತ್ತಿದ್ದಳಲ್ಲ ಎಂದೆ. "ಅವಳು ಅಲ್ಲಿ ಹೆಚ್ಚುತ್ತಾ ಇದ್ದದ್ದು ಸುಳ್ಳಿನ ಮೇಲೆ ಕಣೇ" ಎಂದರು. ಇರಬಹುದು. ಎಲ್ಲರ ಬದುಕಿನಲ್ಲೂ ಅಷ್ಟಿಷ್ಟು ಸುಳ್ಳು ನೆಲಗಟ್ಟಿನ ಕಲ್ಲಿನ ಹಾಗೆ ಇರುತ್ತದೆ. ಅದನ್ನು ಎತ್ತಿ ತೆಗೆಯಲು ನನಗೇನೂ ಕೂಲಿ ಗೊತ್ತುಮಾಡಿರಲಿಲ್ಲ.

ಎರಡು ಶುಕ್ರವಾರ ಕಸರಾನಿಯ ಹೆಂಗಸು ಬಂದು ಮೇಲಿನ ಮನೆಯ ಬಾಗಿಲು ತಟ್ಟಿ ಹಿಂದಿರುಗಿದ್ದಳಂತೆ. ಮೂರನೆಯ ಶುಕ್ರವಾರ ನಮ್ಮ ಬಾಗಿಲಿಗೆ ಬಂದಳು. ರೊಟ್ಟಿಯ ಗಂಟು ಹಿಡಿದು ಬೆರಳಿಂದ ಮೇಲೆ ತೋರಿಸಿ, ಸ್ವಾಹಿಲಿಯಲ್ಲಿ, ಅವರಿಗೆ ಹುಷಾರಿಲ್ಲವೇ ಎಂದು ಕೇಳಿದಳು. ಅವಳನ್ನು ಕರೆದುಕೊಂಡು ನಾನೇ ಮೆಟ್ಟಿಲು ಹತ್ತಿದೆ. ನಿನ್ನನ್ನು ಉಳಿಸಿದ ಸೈನಿಕರು ನನ್ನ ಅಮ್ಮನಿಗೆ ಸಲ್ಲಬೇಕಾಗಿದ್ದವರು ಎಂದು ಕರ್ನಲ್ ಹೆಂಡತಿ ಇವಳ ಮುಖದ ಮೇಲೆ ಹೇಳಿಬಿಟ್ಟರೆ? ರೊಟ್ಟಿಯ ಗಂಟನ್ನು ಮೆಟ್ಟಿಲಿಂದ ಕೆಳಗೆ ಎಸೆದರೆ? ನಾನಾಗಿದ್ದರೆ ಎಸೆಯುತ್ತಿದ್ದೆನೋ ಏನೋ.

ಬಾಗಿಲು ತೆರೆದವಳು ಅವಳೇ. ಸೊರಗಿದ್ದಳು. ಒಳಗೆ ಕೂತಿದ್ದ ಕರ್ನಲ್ ನಮ್ಮನ್ನು ನೋಡಿ ಎದ್ದು ಕೋಣೆಯತ್ತ ಹೊರಟರು. ಅವಳು ತಿರುಗಿಯೂ ನೋಡದೆ ಒಂದು ಮಾತು ಹೇಳಿದಳು. ಅವರು ಮತ್ತೆ ಕೂತರು. ಕಸರಾನಿಯ ಹೆಂಗಸು ಎಂದಿನಂತೆ ಅವರ ಮುಂದೆ ನಿಂತು ಹರಸಿದಳು. ಹಂಚಿದ ಕೈ ಬತ್ತದಿರಲಿ. ಮೊದಲಾದರೆ ಅವರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸುತ್ತಿದ್ದರು. ಅವತ್ತು ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಸೇರಿಸಿಕೊಂಡರು.

ಅವಳು ಆ ಹೆಂಗಸನ್ನು ಕೂರಿಸಿದಳು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದಳು. ಭಾಷೆ ತಿಳಿಯದಿದ್ದರೂ ಕೈಯಲ್ಲಿ ತೋರಿಸುವ ಎತ್ತರದಿಂದ ನನಗೆ ತಿಳಿಯುತ್ತಿತ್ತು, ಇದು ದೊಡ್ಡವನು, ಇದು ಅದರ ಕೆಳಗಿನದು, ಇದು ಇನ್ನೂ ಸೊಂಟದ ಮೇಲಿನದು. ಎಲ್ಲರೂ ಇದ್ದರು. ಅತ್ತೆಯೂ ಇದ್ದಳು, ಬಾಯಲ್ಲಿ ಹಲ್ಲಿಲ್ಲ ಎಂದು ಆ ಹೆಂಗ‌ಸು ನಟಿಸಿ ತೋರಿಸಿ ನಕ್ಕಳು. ಆಮೇಲೆ ದನಿ ತಗ್ಗಿಸಿ ಏನೋ ಕೇಳಿದಳು. ನಿಮ್ಮ ಅಮ್ಮನ ಸುದ್ದಿ ಏನಾದರೂ ಬಂತೇ ಎಂದು ಪ್ರತಿ ವಾರ ಕೇಳುತ್ತಿದ್ದಳು, ಅದನ್ನೇ ಕೇಳಿದಳು. ಕರ್ನಲ್ ಕಣ್ಣು ಮುಚ್ಚಿಕೊಂಡರು. ಅವರ ಹೆಂಡತಿ ಇಲ್ಲ ಎಂದು ತಲೆಯಾಡಿಸಿ, ರೊಟ್ಟಿಯ ಗಂಟನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ನಾನೂ ಹಿಂದೆಯೇ ಹೋದೆ.

ಗಂಟು ಬಿಚ್ಚಿದಳು. ರೊಟ್ಟಿ ಇನ್ನೂ ಬೆಚ್ಚಗಿತ್ತು.

"ಹೇಳಲಿಲ್ಲ" ಎಂದೆ.

"ಏನಂತ ಹೇಳಲಿ ಸಿಸ್ಟರ್? ಅವಳು ಮಾಡಿದ ತಪ್ಪೇನು? ಅವರು ಅವಳನ್ನ ಮದುವೆ ಆಗಿದ್ದಿದ್ರೆ, ಈಗ ನಾನು ರೊಟ್ಟಿ ಹೊತ್ತುಕೊಂಡು ಅವಳ ಮನೆ ಬಾಗಿಲಿಗೆ ಬರ್ತಿದ್ದೆ." ತಟ್ಟೆಗಳನ್ನು ಒಂದೊಂದಾಗಿ ಇಳಿಸಿದಳು. "ನಾನು ಅವರ ಹೆಂಡತಿ ಆಗದೆ ಯಾರೋ ಆಗಿದ್ದಿದ್ರೆ ನನ್ನ ಊರು ಉಳೀತಿತ್ತು."

ನನಗೆ ಅಳು ಬಂತು. ನನ್ನ ಗಾದೆ, ನನ್ನ ಡಬ್ಬಿ, ನನ್ನ ಬಾಯಿ ಎಲ್ಲದಕ್ಕೂ ಬೆಂಕಿ ಬೀಳಲಿ ಎಂದೆ.

"ಇಲ್ಲ, ನಿಮ್ಮ ಗಾದೆ ನನಗೆ ಮೊದಲೇ ಗೊತ್ತಿತ್ತು" ಎಂದಳು. ರೊಟ್ಟಿಯನ್ನು ಹರಿದು ತಟ್ಟೆಗೆ ಹಾಕುತ್ತಿದ್ದ ಅವಳ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. "ಕೊನೇ ಸಲ ಫೋನು ಸೇರಿದಾಗ ಅಮ್ಮ ಕೇಳಿದಳು, ಹೊರಡಲಾ ಅಂತ. ಪಕ್ಕದ ಮನೆಯವರು ಗಾಡಿ ಮಾಡಿದ್ದಾರೆ, ನಮ್ಮಿಬ್ಬರಿಗೂ ಜಾಗ ಇದೆ ಅಂತಾರೆ ಅಂದಳು. ನಾನೇ ಬೇಡ ಅಂದೆ. ಈ ಮಳೆಯಲ್ಲಿ ಎಲ್ಲಿಗೆ ಹೋಗ್ತೀಯ, ಸೈನಿಕರನ್ನ ಕಳಿಸೋ ಕೈ ನಮ್ಮದೇ ಅಲ್ವಾ ಅಮ್ಮ, ಅಂದೆ. ಅಮ್ಮನಿಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ಹಾಗಾದ್ರೆ ಬರೋ ಹುಡುಗರಿಗೂ ಸೇರಿಸಿ ಅಡುಗೆಗಿಡ್ತೀನಿ ಅಂದಳು. ಹೊರಟು ನಿಂತಿದ್ದ ಪಕ್ಕದ ಮನೆಯವರ ಹತ್ತಿರ ಅವರ ದೊಡ್ಡ ಪಾತ್ರೆ ಇಸಕೊಂಡು ಬಾ ಅಂತ ತಂಗೀನ ಕಳಿಸಿದಳು."